ಖಡಕಿ ಕಾಳಗ ಆಡೋದು ಹೇಗೆ? ಎಲ್ಲರಿಗೂ ಆ ಕೆಸರು ಗೊತ್ತು!

ಔಂಧ್_ಧಾರವಾಡಿ ಕೇಳಿದ್ದು:

ಪುಣೆಯಲ್ಲಿರುವ ನಾವು ಕೆಲವು ಕನ್ನಡದ ಗೆಳೆಯರು ಡಿಸ್ಕಾರ್ಡ್‌ನಲ್ಲಿ ಪೇಶ್ವೆಗೂ ಇಂಗ್ಲಿಷರಿಗೂ ನಡೆದ 1817-18ರ ಮರಾಠಾ ಯುದ್ಧವನ್ನು ಮ್ಯಾಪಿನ ಮೇಲೆ ಯುದ್ಧದಾಟವಾಗಿ ಆಡಲು ಹೊರಟಿದ್ದೇವೆ. ಹುಬ್ಬಳ್ಳಿ, ಬೆಳಗಾವಿಯವರೂ ಸೇರಿಕೊಂಡಿದ್ದಾರೆ. ನಾನು ಅಂಪೈರ್. ಒಬ್ಬೊಬ್ಬ ಸೇನಾಪತಿಗೂ ಬೇರೆ ಬೇರೆ ಚಾನೆಲ್. ಅವರವರ ಕಣ್ಣಿಗೆ ಬೀಳುವಷ್ಟೇ ಮ್ಯಾಪ್ ಕಳಿಸುತ್ತೇನೆ. ತಮ್ಮತಮ್ಮಲ್ಲಿ ಮಾತಾಡುವ ಹಾಗಿಲ್ಲ. ಚೀಟಿ ಬರೆದು ನನಗೆ ಕೊಡಬೇಕು. ಸವಾರ ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದನ್ನು ಆ ಕಡೆ ಹಾಕುತ್ತೇನೆ.

ಶುರುವೇ ಪುಣೆ ಪಕ್ಕದ ಖಡಕಿ, 1817ರ ನವೆಂಬರ್ 5. ತಲೆನೋವೂ ಅಲ್ಲೇ. ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ಕುದುರೆ ಪಡೆ ನುಗ್ಗಿ ಬಂದು ಇಂಗ್ಲಿಷರ ಸಾಲಿನ ಮುಂದಿದ್ದ ಕೆಸರಿನಲ್ಲಿ ಮುಗ್ಗರಿಸಿತು, ಹಿಂದೆಯೇ ಗುಂಡಿನ ಮಳೆ. ಈ ಕತೆ ನಮ್ಮವರಿಗೆಲ್ಲ ಬಾಯಿಪಾಠ. ಗೋಖಲೆ ಆಗುವವನಂತೂ ದಿನಾ ಅಲ್ಲೇ ಹತ್ತಿರದ ಗಣೇಶಖಿಂಡ್ ರಸ್ತೆಯಲ್ಲೇ ಆಫೀಸಿಗೆ ಹೋಗುವ ಆಸಾಮಿ. ಒಂದು ಕುದುರೆಯನ್ನೂ ಆ ಕಡೆ ಬಿಡುವುದಿಲ್ಲ. ಕೆಸರನ್ನು ಮ್ಯಾಪಿನಿಂದ ತೆಗೆದರೆ ಮೋಸ, ಇಟ್ಟರೆ ಆಟವೇ ಇಲ್ಲ. ಏನು ಮಾಡೋದು?

ಮದ್ದಿನ_ಮನೆ:

ಸುಲಭ ಅಲ್ವಾ? ಮ್ಯಾಪ್ ತಿರುಗಿಸಿ, ಊರಿನ ಹೆಸರು ಬದಲಿಸಿ. ಕೆಸರು ಎಲ್ಲಿದೆ ಅಂತ ದಾಳ ಹಾಕಿ ನೀವೇ ಗುಟ್ಟಾಗಿ ಬರೆದಿಟ್ಟುಕೊಳ್ಳಿ.

ಔಂಧ್_ಧಾರವಾಡಿ:

ಹೆಸರು ಬದಲಿಸಿದರೆ ಅದು ಖಡಕಿಯೇ ಅಲ್ಲವಲ್ಲ ಮಾರಾಯ. ಮುಳಾ ನದಿ, ದಾಪೋಡಿ, ಸಂಗಮದಲ್ಲಿದ್ದ ಇಂಗ್ಲಿಷ್ ಪ್ರತಿನಿಧಿಯ ರೆಸಿಡೆನ್ಸಿ ಬೇಕು ಅಂತಲೇ ಇವರೆಲ್ಲ ಬಂದಿರೋದು.

ಹಳೇ_ತೋಪು:

ಕೆಸರನ್ನು ಬಚ್ಚಿಡಬೇಡಿ ಸರ. ಆಸೆ ತೋರಿಸಿ. ಗೋಖಲೆ ಸುಮ್ನೆ ನುಗ್ಗಲಿಲ್ಲ. ಪೇಶ್ವೆ ಕಡೆಯ ಪಿಂಟೋನ ಪಲಟಣ ಹಿಂದೆ ಸರಿದಾಗ ಇಂಗ್ಲಿಷರ ಏಳನೇ ರೆಜಿಮೆಂಟಿನ ಸಿಪಾಯಿಗಳು ಅದನ್ನು ಅಟ್ಟಿಕೊಂಡು ಮುಂದೆ ಓಡಿದರು, ಸಾಲು ಒಡೆಯಿತು. ಅದನ್ನು ನೋಡಿಯೇ ಆರು ಸಾವಿರ ಕುದುರೆ ಬಿಟ್ಟದ್ದು. ಇಂಗ್ಲಿಷರ ದಳಪತಿ ಕರ್ನಲ್ ಬರ್ ತನ್ನವರನ್ನು ಹಿಂದಕ್ಕೆ ಕರೆದು, ಹೇಳುವ ತನಕ ಗುಂಡು ಹಾರಿಸಬೇಡಿ ಅಂದ. 1824ರಲ್ಲಿ ಪ್ರಶ್ಯದ ರೈಸ್‌ವಿಟ್ಜ್ ಮಾಡಿದ ಯುದ್ಧದಾಟದಲ್ಲಿ ಒಂದು ಸರದಿ ಎಂದರೆ ಎರಡೇ ನಿಮಿಷ. ನೀವೂ ಹಾಗೇ ಮಾಡಿ. 'ಸಾಲು ಒಡೆದಿದೆ, ಎರಡು ನಿಮಿಷದಲ್ಲಿ ಮುಚ್ಚುತ್ತೆ' ಅಂತ ಹೇಳಿ ಗಡಿಯಾರ ಶುರು ಮಾಡಿ. ಕೆಸರು ಇದೆ ಅಂತ ಗೊತ್ತಿದ್ದರೂ ಎಷ್ಟು ಅಗಲ, ಎಲ್ಲಿ ದಾಟಬಹುದು ಅಂತ ನಿಮ್ಮ ಗೆಳೆಯನಿಗೂ ಗೊತ್ತಿರಲ್ಲ. ಬಿಡ್ತಾನೋ ಇಲ್ವೋ ನೋಡೋಣ!

ಇನ್ನೊಂದು. ನನ್ನ ಕೇಳಿದರೆ ಈ ಕಾಳಗದ ಸೊಗಸಿರೋದು ಕೆಸರಲ್ಲಲ್ಲ, ಪರ್ವತಿ ಗುಡ್ಡದ ಮೇಲೆ. ಪೇಶ್ವೆ ಬಾಜೀರಾಯ ಅಲ್ಲಿಂದ ನೋಡ್ತಿದ್ದ. ಮೊದಲ ತೋಪು ನಮ್ಮಿಂದ ಹಾರಬಾರದು ಅಂತ ಗೋಖಲೆಗೆ ಆಳು ಕಳಿಸಿದ. ಆಳು ಬರೋದು ಕಂಡ ಗೋಖಲೆ, ಏನು ತರ್ತಾನೆ ಅಂತ ಊಹಿಸಿ, ಅವನು ಮುಟ್ಟುವ ಮೊದಲೇ ಒಂಬತ್ತು ತೋಪು ಶುರು ಮಾಡಿಸಿದ ಅಂತ ಆ ಕಾಲದ ಇಂಗ್ಲಿಷ್ ಬರಹದಲ್ಲಿದೆ. ನಿಮ್ಮ ಚೀಟಿ ಪದ್ಧತಿಗೆ ಹೇಳಿ ಮಾಡಿಸಿದ ಹಾಗಿದೆ! ಚೀಟಿ ಕೊಡಬೇಡಿ. 'ಪರ್ವತಿ ಕಡೆಯಿಂದ ಸವಾರನೊಬ್ಬ ಬರ್ತಿದ್ದಾನೆ' ಅಂತ ಮಾತ್ರ ಹಾಕಿ.

ಕುಂದಾ_ಪ್ರಿಯ:

ಪುಣೆಯವರು ಖಡಕಿ ಬಿಟ್ಟು ಕದಲೋದೇ ಇಲ್ಲ ನೋಡ್ರಿ! ನಮ್ಮ ಕಡೆನೂ ಅದೇ ಯುದ್ಧ ನಡೆದಿತ್ತಲ್ಲ. ಧಾರವಾಡದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮನ್ರೋ ಕೈಯಲ್ಲಿ ಸಿಪಾಯಿಗಳು ಕಡಿಮೆ, ಊರೂರಲ್ಲಿ ಜನ ಕೂಡಿಸಿಕೊಂಡು ಹೊರಟ. 1818ರ ಫೆಬ್ರವರಿಯಲ್ಲಿ ಬಾದಾಮಿ, ಏಪ್ರಿಲ್‌ನಲ್ಲಿ ಬೆಳಗಾವಿ, ಮೇನಲ್ಲಿ ಸೊಲ್ಲಾಪುರ ತಗೊಂಡ. ಅದನ್ನು ಯಾರೂ ಬಾಯಿಪಾಠ ಮಾಡಿರಲ್ಲ. ಬೆಳಗಾವಿ ಕೋಟೆ ನನಗೆ ಕೊಡ್ರಿ, ಅಷ್ಟು ಬೇಗ ಬಿಟ್ಟುಕೊಡೋದಿಲ್ಲ.

ಔಂಧ್_ಧಾರವಾಡಿ:

ಕೋಟೆ ನಿಮ್ಮದೇ. ಆದರೆ ಮದ್ದಿನ ಲೆಕ್ಕ ನಾನು ಇಡ್ತೇನೆ, ಹಟ ಮಾಡಬಾರದು.

ಹಳೇ ತೋಪು ಅವರೇ, ಸವಾರನ ಐಡಿಯಾ ಹಾಗೇ ಎತ್ತಿಕೊಂಡೆ. ಬಾಜೀರಾಯನ ಚಾನೆಲ್‌ಗೆ ತೋಪಿನ ಸದ್ದು, ಹೊಗೆ ಇಷ್ಟೇ ಹೋಗುತ್ತದೆ. ಉಳಿದದ್ದೆಲ್ಲ ತಡವಾಗಿ. ಭಾನುವಾರ ರಾತ್ರಿ ಊಟ ಮುಗಿಸಿ ಕೂರುತ್ತೇವೆ. ದಾಪೋಡಿ ಪಲಟಣದ ಕ್ಯಾಪ್ಟನ್ ಫೋರ್ಡ್ ಆಗೋಕೆ ಒಬ್ಬರು ಬೇಕು. ತಡವಾಗಿ ಬರುವ ಅಭ್ಯಾಸ ಇದ್ದವರಿಗೆ ಬೇಡ, ಇಂಗ್ಲಿಷರ ಸಾಲು ಅವರು ಬಂದು ಸೇರೋದನ್ನೇ ಕಾಯುತ್ತಿರುತ್ತೆ.