ಏಳು ಸೀಟಿನ ಗಾಡಿಯ ಹೊಟ್ಟೆ ತಾಗುತ್ತದೆ, ಎತ್ತರ ಮಾಡಿಸಬಹುದಾ?

ಪ್ರಶ್ನೆ (ಹೆಬ್ರಿ ಕಡೆಯ ಸದಸ್ಯರು):
ನಮ್ಮದು 2016ರ ಎರ್ಟಿಗಾ. 1.1 ಲಕ್ಷ ಕಿಲೋಮೀಟರ್ ಓಡಿದೆ. ಮನೆ ಡಾಂಬರು ರಸ್ತೆಯಿಂದ ಮುನ್ನೂರು ಮೀಟರ್ ಒಳಗೆ, ಪೂರ್ತಿ ಕೆಂಪುಕಲ್ಲಿನ ದಾರಿ. ಪ್ರತಿ ಮಳೆಗಾಲ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆ ಬರುತ್ತದೆ. ಗೇಟಿನ ಹತ್ತಿರ ಒಂದು ಏರು ಉಂಟು. ಅದರ ನೆತ್ತಿಯಲ್ಲಿ ಹೊಟ್ಟೆ ಕರ್ರ್ ಅಂತ ತಾಗುತ್ತದೆ. ನಾನೊಬ್ಬನೇ ಇದ್ದರೆ ಏನೂ ಇಲ್ಲ. ಮನೆಯವರು ಆರು ಜನ ಕೂತರೆ ತಾಗುವುದು ಗ್ಯಾರಂಟಿ. ಅಮ್ಮನಿಗೆ ಮಂಡಿನೋವು, ಆದರೂ ದಿನಾ ಅಲ್ಲಿ ಇಳಿಸಿ ನಡೆಸಬೇಕು. ಒಂದು ಗ್ಯಾರೇಜಿನವರು ಎರಡಿಂಚಿನ ಸ್ಪೇಸರ್ (ಸಸ್ಪೆನ್ಷನ್ ಮೇಲೆ ಕೂರಿಸುವ ದಪ್ಪ ಬಿಲ್ಲೆ) ಹಾಕಿ ಎತ್ತಿ ಕೊಡುತ್ತೇವೆ ಅಂದರು. ಇನ್ನೊಂದು ಕಡೆ ಸ್ಪ್ರಿಂಗ್ ಮಧ್ಯೆ ರಬ್ಬರ್ ಬಫರ್ ತುರುಕಿದರೆ ಸಾಕು ಅಂದರು. ಯಾವುದು ಮಾಡಿಸಲಿ?

ಉತ್ತರ (ಉಡುಪಿಯಲ್ಲಿ ಸಸ್ಪೆನ್ಷನ್ ಕೆಲಸ ಮಾಡುವವರು):
ಸದ್ಯಕ್ಕೆ ಎರಡೂ ಬೇಡ. ಮೊದಲು ಏನು ತಾಗುತ್ತಿದೆ ಅಂತ ನೋಡಿ ಮಾರಾಯ್ರೆ. ಹೊಟ್ಟೆ ಅಂದರೆ ಯಾವುದು? ಸೈಲೆನ್ಸರಾ, ಇಂಜಿನ್ ಕೆಳಗಿನ ಕವರಾ, ಹಿಂದಿನ ಚಕ್ರಗಳ ನಡುವಿನ ಅಡ್ಡಕಂಬಿಯಾ?

ಒಂದು ಸುಲಭದ ದಾರಿ ಹೇಳುತ್ತೇನೆ. ಒಂದು ಚೊಂಬು ಸುಣ್ಣ ಗಟ್ಟಿಯಾಗಿ ಕಲಸಿ ಆ ಏರಿನ ನೆತ್ತಿಗೆ ಬಳಿಯಿರಿ. ಆರೂ ಜನ ಕೂತು ಮೆಲ್ಲ ದಾಟಿಸಿ. ಆಮೇಲೆ ಚಾಪೆ ಹಾಕಿ ಅಡಿಯಲ್ಲಿ ಮಲಗಿ ಟಾರ್ಚ್ ಬಿಡಿ. ಎಲ್ಲಿ ಬಿಳಿ ಹತ್ತಿದೆಯೋ ಅದೇ ನಿಮ್ಮ ಕಾಯಿಲೆ.

ಇನ್ನೊಂದು ಕೆಲಸ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ಖಾಲಿ ನಿಲ್ಲಿಸಿ. ನಾಲ್ಕೂ ಟಯರಿಗೆ ಸರಿಯಾದ ಗಾಳಿ ಇರಲಿ. ಚಕ್ರದ ಮಧ್ಯದಿಂದ ನೇರ ಮೇಲೆ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿನವರೆಗೆ ಟೇಪ್ ಹಿಡಿದು ನಾಲ್ಕೂ ಕಡೆ ಅಳೆದು ಇಲ್ಲಿ ಹಾಕಿ.

ಎರಡಿಂಚಿನ ಸ್ಪೇಸರ್ ಯಾಕೆ ಬೇಡ ಅಂದರೆ, ಇದು ಮುಂದಿನ ಚಕ್ರ ಎಳೆಯುವ ಗಾಡಿ. ಸ್ಟ್ರಟ್ (ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ತಲೆಯ ಮೇಲೆ 50 ಮಿ.ಮೀ. ಇಟ್ಟರೆ ಚಕ್ರ ಅಷ್ಟು ಕೆಳಗೆ ಜೋತು ಬೀಳುತ್ತದೆ. ಇಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಜಾಸ್ತಿ ಓರೆಯಾಗಿ ತಿರುಗಬೇಕು. ಜಾಯಿಂಟಿನ ರಬ್ಬರ್ ಬೂಟ್ ಹರಿಯುತ್ತದೆ, ಗ್ರೀಸ್ ಹೊರಗೆ, ಕೆಸರು ಒಳಗೆ. ಆಮೇಲೆ ಸ್ಟೇರಿಂಗ್ ತಿರುಗಿಸಿದಾಗೆಲ್ಲ ಟಕ್ ಟಕ್. ಕ್ಯಾಂಬರ್ (ಚಕ್ರ ನಿಲ್ಲುವ ಓರೆ), ಟೋ (ಚಕ್ರ ಮುಂದೆ ನೋಡುವ ದಿಕ್ಕು) ಎರಡೂ ಕೆಟ್ಟು ಟಯರ್ ಒಂದೇ ಬದಿ ಸವೆಯುತ್ತದೆ. ತೂಕದ ಮಧ್ಯಬಿಂದು ಮೇಲೆ ಹೋಗುವುದರಿಂದ ಆಗುಂಬೆ ತಿರುವಿನಲ್ಲಿ ಮೈ ವಾಲುವುದೂ ಜಾಸ್ತಿ.

ಲಾಭ ಎಷ್ಟು ನೋಡಿ. ನಿಮ್ಮ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಹೊಟ್ಟೆಗೆ ಇರುವ ಎತ್ತರ) ಕಂಪನಿ ಲೆಕ್ಕದಲ್ಲಿ 185 ಮಿ.ಮೀ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2,740 ಮಿ.ಮೀ. ಇಷ್ಟುದ್ದದ ಗಾಡಿ ಹೊಟ್ಟೆ ತಾಗದೆ ದಿಬ್ಬದ ನೆತ್ತಿ ದಾಟುವ ಕೋನ ಹೆಚ್ಚುಕಡಿಮೆ ಹದಿನೈದೂವರೆ ಡಿಗ್ರಿ. ಅಪಾಯ ಇಲ್ಲದೆ 20 ಮಿ.ಮೀ. ಎತ್ತಿದರೂ ಅದು ಹದಿನೇಳು ಆಗುತ್ತದೆ, ಅಷ್ಟೇ. ಪಿಕ್ಕಾಸಿನಲ್ಲಿ ನೆತ್ತಿ ಒಂದು ಗೇಣು ಕೆತ್ತಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ರಬ್ಬರ್ ಬಫರ್ ಲೋಡಿನಲ್ಲಿ ಗಾಡಿ ಕೂರುವುದನ್ನು ಸ್ವಲ್ಪ ತಡೆಯುತ್ತದೆ, ಸುಳ್ಳಲ್ಲ. ಆದರೆ ಎರಡು ಸುತ್ತು ಕಟ್ಟಿಹಾಕಿದಂತೆ ಆಗಿ, ಉಳಿದ ಸುತ್ತುಗಳಿಗೆ ಎಲ್ಲ ಭಾರ ಬೀಳುತ್ತದೆ. ಸ್ಪ್ರಿಂಗ್ ತುಂಡಾದ ಗಾಡಿಗಳು ನನ್ನ ಹತ್ತಿರ ಬಂದಿವೆ.

ಮಣಿಪಾಲದ ಸದಸ್ಯರು:
ಟಯರ್ ದೊಡ್ಡದು ಹಾಕಿದರೆ?

ಉತ್ತರ:
ಈಗಿರುವ 185/65 ಆರ್15 ಅಳತೆಯ ಟಯರ್ ಬದಲು 195/65 ಹಾಕಿದರೆ ಗಾಡಿ ಏರುವುದು 6.5 ಮಿ.ಮೀ. ಒಂದು ಪೆನ್ಸಿಲಿನ ದಪ್ಪವೂ ಇಲ್ಲ. ಸ್ಪೀಡೋಮೀಟರ್ ಓದು ಶೇ 2ರಷ್ಟು ಬದಲಾಗುತ್ತದೆ. ಅದಕ್ಕೋಸ್ಕರ ಅಂತ ಟಯರ್ ಬದಲಿಸಬೇಡಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಅಪಘಾತ ಆದ ದಿನ ಇನ್ಶೂರೆನ್ಸ್ ಸರ್ವೇಯರ್ ಕಣ್ಣಿಗೆ ಮೊದಲು ಬೀಳುವುದು ಇಂಥದ್ದೇ.

ಅದೇ ಮಣಿಪಾಲದ ಸದಸ್ಯರು:
ಸಂಬಂಧ ಇಲ್ಲದ ಪ್ರಶ್ನೆ, ಬೈಯಬೇಡಿ. ಅಕ್ಕ ಮಾಂಟ್ರಿಯಲ್‌ನಿಂದ ಹೊರಗೆ ಹಳ್ಳಿಯಲ್ಲಿದ್ದಾಳೆ. ಟೊಯೊಟಾ ಸಿಯೆನ್ನಾ ವ್ಯಾನ್ ಇದೆ. ಹಿಮಕ್ಕೆ ಎತ್ತರಿಸಬೇಕು ಅಂತಾಳೆ.

ಉತ್ತರ:
ಹಿಮ ನಾನು ಕಂಡದ್ದು ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿ ಮಾತ್ರ! ಆದರೆ ಲೆಕ್ಕ ಅದೇ. ಹಿಮ ಹೊಟ್ಟೆಗಿಂತ ಎತ್ತರ ಬಿದ್ದರೆ ಗಾಡಿ ಅದರ ಮೇಲೆ ಕೂತುಬಿಡುತ್ತದೆ. ಚಕ್ರದ ಮೇಲೆ ತೂಕ ಇಲ್ಲದೆ ಸುಮ್ನೆ ತಿರುಗುತ್ತವೆ. ಎತ್ತರ ಬೇಕಾಗುವುದು ಅಲ್ಲಿ. ಉಳಿದ ದಿನಗಳಲ್ಲಿ ಹಿಡಿತವೇ ಮುಖ್ಯ. ಸಾಮಾನ್ಯ ಟಯರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತದೆ, ಚಳಿಗಾಲದ ಟಯರ್ ಮೆತ್ತಗೇ ಇರುತ್ತದೆ. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು, ಆ ಗುರುತು ಇರುವುದನ್ನು ನೋಡಿ ತೆಗೆದುಕೊಳ್ಳಲಿ. ಮಾಂಟ್ರಿಯಲ್ ಇರುವ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಹೇಗೂ ಕಡ್ಡಾಯ. ಸಿಯೆನ್ನಾದಲ್ಲಿ ವುಡ್‌ಲ್ಯಾಂಡ್ ಅಂತ ಒಂದು ಆವೃತ್ತಿ ಬಂದಿತ್ತು, ಕಂಪನಿಯೇ ಎತ್ತರಿಸಿದ್ದು. ಅವರೂ ಎತ್ತಿದ್ದು ಸುಮಾರು 15 ಮಿ.ಮೀ. ಮಾತ್ರ. ನಮ್ಮ ಗ್ಯಾರೇಜಿನವರು 50 ಅಂತಾರೆ!

ಹೆಬ್ರಿ ಕಡೆಯ ಸದಸ್ಯರು (ಭಾನುವಾರ):
ಸುಣ್ಣದ ಕೆಲಸ ಆಯಿತು. ಮಕ್ಕಳಿಗೆ ಖುಷಿಯೋ ಖುಷಿ. ಬಿಳಿ ಹತ್ತಿದ್ದು ಒಂದೇ ಕಡೆ, ಮಧ್ಯದ ಸೈಲೆನ್ಸರ್ ಪೈಪಿಗೆ. ಕೈ ಹಾಕಿ ನೋಡಿದರೆ ಪೈಪ್ ತೊಟ್ಟಿಲಿನ ಹಾಗೆ ತೂಗುತ್ತಿದೆ. ಅದನ್ನು ನೇತುಹಾಕುವ ಎರಡು ರಬ್ಬರಿನಲ್ಲಿ ಒಂದು ಇಲ್ಲವೇ ಇಲ್ಲ, ಕೊಕ್ಕೆ ಮಾತ್ರ ಉಂಟು. ಅಳತೆ: ಮುಂದೆ ಎರಡೂ ಕಡೆ ಸಮ. ಹಿಂದೆ ಎಡಗಡೆ ಬಲಕ್ಕಿಂತ 12 ಮಿ.ಮೀ. ಕಮ್ಮಿ.

ಉತ್ತರ:
ನೋಡಿದಿರಾ! ಗಾಡಿ ಗಿಡ್ಡ ಇರಲಿಲ್ಲ, ಪೈಪ್ ಜೋತು ಬಿದ್ದಿತ್ತು. ರಬ್ಬರ್ ಎರಡನ್ನೂ ಹೊಸದು ಹಾಕಿಸಿ, ಒಂದನ್ನೇ ಅಲ್ಲ. ಹಿಂದಿನ ಎಡ ಸ್ಪ್ರಿಂಗ್ ಕೂತಿದೆ. ನಿಜ ಹೇಳಿ, ಅಡಿಕೆ ಮೂಟೆ ಸಾಗಿಸಿದ್ದೀರಿ ಅಲ್ವಾ? ಸ್ಪ್ರಿಂಗ್ ಜೋಡಿಯಾಗಿಯೇ ಬದಲಿಸಬೇಕು, ಕಂಪನಿ ಅಳತೆಯದ್ದೇ. ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಒಸರಿದ ಗುರುತು ಇದ್ದರೆ ಅದೂ ಒಟ್ಟಿಗೆ ಆಗಲಿ.

ಏರಿನ ನೆತ್ತಿ ಕೆತ್ತಿ, ಬಂದ ಕಲ್ಲುಪುಡಿಯನ್ನೇ ಎರಡೂ ಬದಿಯ ಇಳಿಜಾರಿಗೆ ಹರವಿ ಗುದ್ದಿ. ಪಕ್ಕದಲ್ಲಿ ನೀರು ಹೋಗಲು ಕಣಿ ತೋಡಿ. ಇಲ್ಲದಿದ್ದರೆ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಮೊದಲೇ ಎಲ್ಲ ಗದ್ದೆಗೆ ಹೋಗಿರುತ್ತದೆ.

ಹೆಬ್ರಿ ಕಡೆಯ ಸದಸ್ಯರು:
ಅಡಿಕೆ ಅಲ್ಲ, ತೆಂಗಿನಕಾಯಿ. ಎಡಗಡೆಯೇ ಪೇರಿಸುತ್ತಿದ್ದೆ, ಬಲಗಡೆಯ ಸೀಟು ಮಡಚಲು ಬರುವುದಿಲ್ಲ ಅಂತ. ರಬ್ಬರ್ ನಿನ್ನೆ ಹಾಕಿಸಿದೆ. ಸ್ಪ್ರಿಂಗ್ ಮುಂದಿನ ವಾರ. ನೆತ್ತಿ ಅರ್ಧ ಕೆತ್ತಿ ಆಯಿತು. ಇವತ್ತು ಅಮ್ಮ ಕೂತಲ್ಲೇ ಮನೆ ಬಾಗಿಲಿಗೆ ಬಂದರು.

ಉತ್ತರ:
ಒಳ್ಳೆಯದಾಯಿತು. ಸ್ಪ್ರಿಂಗ್ ಹಾಕಿಸಿದ ಮೇಲೆ ಹೆಡ್‌ಲೈಟ್ ಒಮ್ಮೆ ಸರಿ ಮಾಡಿಸಿ. ಹಿಂದೆ ಎತ್ತರ ಆಗುವುದರಿಂದ ಬೆಳಕು ಹತ್ತಿರವೇ ಬೀಳುತ್ತದೆ. ಕಾಯಿಗೆ ಪಿಕಪ್ ಹೇಳಿ.