ಪದಚರ್ಚೆ: ‘ಪ್ರಾಕ್ಸಿಮಿಟಿ ಸೆನ್ಸರ್’ಗೆ ಕೈಪಿಡಿಯಲ್ಲಿ ಏನೆಂದು ಬರೆಯುವುದು?

ಕೇಳಿಕೆ:
ಪ್ಯಾಕಿಂಗ್ ಯಂತ್ರದ ಕೈಪಿಡಿ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಓದುವವರು ಫಿಟ್ಟರ್‌ಗಳು. ಹತ್ತಿರ ಬಂದ ವಸ್ತುವನ್ನು ಮುಟ್ಟದೆ ಗುರುತಿಸುವ ಈ ಸಾಧನಕ್ಕೆ ‘ಸಾಮೀಪ್ಯ ಸಂವೇದಕ’ ಎಂದು ಬರೆದಿದ್ದೇನೆ, ಕಿವಿಗೆ ಒಗ್ಗುತ್ತಿಲ್ಲ. ಕ್ಯಾಮ್ (ತಿರುಗುವ ಉಬ್ಬುಚಕ್ರ) ಗುರುತಿಸಲು ಎಂ12 (12 ಮಿ.ಮೀ. ಗಾತ್ರದ) ಇಂಡಕ್ಟಿವ್ (ಲೋಹವನ್ನಷ್ಟೇ ಹಿಡಿಯುವಂಥದ್ದು), ಹಾಪರ್‌ನಲ್ಲಿ (ಕಾಳು ಸುರಿಯುವ ತೊಟ್ಟಿ) ಕಾಳಿನ ಮಟ್ಟಕ್ಕೆ ಕೆಪಾಸಿಟಿವ್ (ಲೋಹವಲ್ಲದ್ದನ್ನೂ ಹಿಡಿಯುವಂಥದ್ದು) ಇವೆ. ‘ಫ್ಲಶ್’ (ಸೆನ್ಸರಿನ ಮುಖ ಬ್ರಾಕೆಟ್ಟಿನ ಮಟ್ಟಕ್ಕೇ ಕೂರುವುದು), ‘ನಾನ್-ಫ್ಲಶ್’ (ಮುಖ ಹೊರಗೆ ಚಾಚಿರುವುದು) ಇವಕ್ಕೂ ಪದ ಬೇಕು.

ಉತ್ತರ 1:
‘ಸಾಮೀಪ್ಯ’ ಬೇಡವೇ ಬೇಡ. ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯ: ಅದು ಮುಕ್ತಿಯ ಮಾತು, ಯಂತ್ರದ್ದಲ್ಲ. ‘ಹತ್ತು’ ಎಂಬ ನಮ್ಮದೇ ಧಾತುವಿನ ‘ಹತ್ತಿರ’ ಇರುವಾಗ ‘ಹತ್ತಿರದರಿವುಕ’ ಎನ್ನಿ.

ಉತ್ತರ 2:
ತಪ್ಪು. ‘ಹತ್ತು’ ಎಂದರೆ ಅಂಟು, ತಾಗು. ಈ ಸಾಧನದ ಗುಣವೇ ತಾಗದಿರುವುದು. ಕ್ಯಾಮ್ ಉಜ್ಜಿದರೆ ಮುಖ ಸವೆದು ಒಳಗಿನ ಕಾಯಿಲ್ ಹೋಗುತ್ತದೆ. ‘ಸಮೀಪ’ದಲ್ಲಿರುವುದು ‘ಅಪ್’, ಅಂದರೆ ನೀರು. ದ್ವೀಪ, ಅಂತರೀಪಗಳಲ್ಲಿ ಆದಂತೆ ಅದು ‘ಈಪ’ ಆಗಿದೆ, ಪಾಣಿನಿಯ ಸೂತ್ರವೇ ಇದೆ. ಕಾಳಿನ ತೇವಕ್ಕೂ ಸ್ಪಂದಿಸುವ ಕೆಪಾಸಿಟಿವ್‌ಗೆ ಇದಕ್ಕಿಂತ ಹೊಂದುವ ಪದ ಬೇಕೆ?

ಉತ್ತರ 1:
ದೀಪವೂ ಹತ್ತುತ್ತದೆ. ‘ಹತ್ತಿರ ಬಾ’ ಎಂದರೆ ‘ಮುಟ್ಟು’ ಎಂದು ಯಾವ ಕನ್ನಡಿಗನೂ ತಿಳಿಯುವುದಿಲ್ಲ.

ಉತ್ತರ 3:
ವ್ಯುತ್ಪತ್ತಿ ಆಮೇಲೆ ನೋಡೋಣ, ಅಚ್ಚು ನಾಳೆ. ವರ್ಕ್‌ಶಾಪಿನಲ್ಲಿ ‘ಪ್ರಾಕ್ಸಿಮಿಟಿ’ ಅನ್ನುತ್ತಾರೆ, ಅದನ್ನೇ ಇಡಿ. ಮೊದಲ ಸಲ ಬಂದಲ್ಲಿ ‘ಮುಟ್ಟದೆ ಗುರುತಿಸುವ ಸ್ವಿಚ್’ ಎಂದು ಬಿಡಿಸಿ ಹೇಳಿ.

ನನಗೆ ಹೆಚ್ಚು ಕಳವಳ ‘ಸೆನ್ಸಿಂಗ್ ಡಿಸ್ಟೆನ್ಸ್’, ಅಂದರೆ ಸೆನ್ಸರ್ ಎಷ್ಟು ದೂರದಿಂದ ಗುರುತಿಸುತ್ತದೆ ಎಂಬುದರ ಬಗ್ಗೆ. ‘ಗರಿಷ್ಠ ದೂರ’ ಎಂದು ಬರೆದರೆ ಫಿಟ್ಟರ್ ಸರಿಯಾಗಿ ಅಷ್ಟಕ್ಕೇ ಕೂರಿಸುತ್ತಾನೆ. ಯಂತ್ರ ಬಿಸಿಯಾಗಿ ಅದುರಿದಾಗ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ‘ನಮೂದಿತ ಅಂತರ’ ಎನ್ನಿ, ಪಕ್ಕದಲ್ಲೇ ‘ಇದರ 80%ರ ಒಳಗೆ ಕೂರಿಸಿ’ ಎಂದು ಸೇರಿಸಿ. ಎಂ12ರಲ್ಲಿ ಸಾಮಾನ್ಯವಾಗಿ ಫ್ಲಶ್‌ಗೆ 2 ಮಿ.ಮೀ., ನಾನ್-ಫ್ಲಶ್‌ಗೆ 4. ಆ ಲೆಕ್ಕ 1 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಚೌಕಕ್ಕೆ. ಕ್ಯಾಮ್ ಅಲ್ಯೂಮಿನಿಯಂ ಆಗಿದ್ದರೆ ಸುಮಾರು 0.4ರಿಂದ ಗುಣಿಸಿ: 4 ಇದ್ದದ್ದು 1.6 ಮಿ.ಮೀ. ಆಗುತ್ತದೆ.

ಫ್ಲಶ್ ಎಂದರೆ ‘ಮಟ್ಟಸ ಕೂರುವ’, ನಾನ್-ಫ್ಲಶ್ ಎಂದರೆ ‘ಮುಖ ಹೊರಗಿರುವ’. ಎರಡನೆಯದನ್ನು ಕಬ್ಬಿಣದ ಬ್ರಾಕೆಟ್ಟಿನ ಮಟ್ಟಕ್ಕೆ ತಿರುಗಿಸಿ ಕೂರಿಸಿದರೆ ಅದು ಬ್ರಾಕೆಟ್ಟನ್ನೇ ಹಿಡಿದುಕೊಳ್ಳುತ್ತದೆ, ಕ್ಯಾಮ್ ಸರಿದರೂ ಸೆನ್ಸರಿನ ಸೂಚಕ ದೀಪ ಆರುವುದಿಲ್ಲ. ಹೆಸರಲ್ಲೇ ಅದು ತಿಳಿಯಲಿ.

ಉತ್ತರ 1:
ಇಂಗ್ಲಿಷನ್ನೇ ಇಡುವುದಾದರೆ ಅನುವಾದ ಯಾಕೆ? ಇವತ್ತು ಪದ ಕಟ್ಟದವರು ನಾಳೆ ಕ್ರಿಯಾಪದವನ್ನೂ ಬಿಟ್ಟುಕೊಡುತ್ತಾರೆ.

ಉತ್ತರ 3:
‘ಸ್ವಿಚ್ ಹಾಕು’ ಎನ್ನುವಲ್ಲಿ ಕ್ರಿಯಾಪದ ಕನ್ನಡದ್ದೇ. ‘ಕುರ್ಚಿ’ಯೂ ಎರವಲು, ಯಾರೂ ಎದ್ದು ನಿಂತಿಲ್ಲ. ನಿಮ್ಮ ‘ಅರಿವುಕ’ವನ್ನು ಶಾಲೆಯ ಪಠ್ಯಕ್ಕೆ ತನ್ನಿ, ಅಲ್ಲಿ ನಾನೂ ಜೊತೆಗಿರುತ್ತೇನೆ. ಬಿಡಿಭಾಗ ತರಲು ಅಂಗಡಿಗೆ ಹೋದವನು ಆ ಹೆಸರು ಹೇಳಿ ಬರಿಗೈಯಲ್ಲಿ ಬರಬಾರದು.

ಕೇಳಿದವರಿಗೆ: ಕೆಪಾಸಿಟಿವ್‌ನ ‘ಸೆನ್ಸಿಟಿವಿಟಿ’ಯನ್ನು ‘ಸೂಕ್ಷ್ಮತೆ’ ಎಂದಷ್ಟೇ ಬಿಡಬೇಡಿ. ‘ಹಾಪರ್ ಖಾಲಿ ಇರುವಾಗ ದೀಪ ಆರುವವರೆಗೆ ಸ್ಕ್ರೂ ತಿರುಗಿಸಿ, ಕಾಳು ತುಂಬಿ ದೀಪ ಹತ್ತುವುದೇ ನೋಡಿ’ ಎಂದು ಬರೆಯಿರಿ. ಮುಖಕ್ಕೆ ಒದ್ದೆ ಧೂಳು ಮೆತ್ತಿದರೆ ಖಾಲಿ ಹಾಪರನ್ನೂ ತುಂಬಿದೆ ಎಂದೇ ತೋರಿಸುತ್ತದೆ, ಆದ್ದರಿಂದ ‘ಮೊದಲು ಮುಖ ಒರೆಸಿ’ ಎಂಬುದು ಸ್ಕ್ರೂ ಸಾಲಿಗಿಂತ ಮೇಲೆ ಇರಲಿ.