ರಾತ್ರಿ ಇಟ್ಟಲ್ಲೇ ಚಾರ್ಜ್ ಇಳಿಯುತ್ತದೆ, ಫ್ಲ್ಯಾಷ್ ಹಾಕಿದರೆ ಫೋನ್ ಆಫ್ ಆಗುತ್ತದೆ: ಬ್ಯಾಟರಿ ಬದಲಿಸಬೇಕೇ, ರೀಸೆಟ್ ಮಾಡಬೇಕೇ?

ಮಿಣುಕುಹುಳ

ನನ್ನದು ಆಂಡ್ರಾಯ್ಡ್ ಫೋನ್. 5000 ಎಂಎಎಚ್ ಬ್ಯಾಟರಿ, ಎರಡು ಸಿಮ್, ಕೊಂಡು ಎರಡೂವರೆ ವರ್ಷವಾಯಿತು. ಹೊಸದರಲ್ಲಿ ಬೆಳಿಗ್ಗೆ ಚಾರ್ಜರ್‌ನಿಂದ ತೆಗೆದರೆ ಮರುದಿನ ಬೆಳಿಗ್ಗೆಯವರೆಗೂ ಬರುತ್ತಿತ್ತು. ಈಗ ಸಂಜೆಯ ಹೊತ್ತಿಗೇ ಚಾರ್ಜರ್ ಹುಡುಕಬೇಕು.

ಮಲಗುವಾಗ ಶೇ 90 ಇದ್ದದ್ದು ಬೆಳಿಗ್ಗೆ ಶೇ 70 ಆಗಿರುತ್ತದೆ. ಫೋನ್ ಮುಟ್ಟಿಯೂ ಇರುವುದಿಲ್ಲ. ಇದಲ್ಲದೆ, ಶೇ 22 ಇರುವಾಗ ಕ್ಯಾಮೆರಾ ತೆರೆದು ಫ್ಲ್ಯಾಷ್ ಹಾಕಿದರೆ ಫೋನ್ ತಟ್ಟನೆ ಆಫ್ ಆಗುತ್ತದೆ. ಚಾರ್ಜರ್ ಹಾಕಿ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಶೇ 19 ತೋರಿಸುತ್ತದೆ. ಬ್ಯಾಟರಿ ಆರೋಗ್ಯದ ಪುಟದಲ್ಲಿ ಶೇ 84 ಎಂದಿದೆ. ಬಳಕೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಯಾವ ಆ್ಯಪ್ ಕೂಡ ಅಲ್ಲ, 'ಮೊಬೈಲ್ ನೆಟ್‌ವರ್ಕ್'. ಬ್ಯಾಟರಿ ಉಳಿಸುವ ಆ್ಯಪ್ ಒಂದನ್ನು ಹಾಕಿ ನೋಡಿದೆ, ಪರಿಸ್ಥಿತಿ ಇನ್ನೂ ಕೆಟ್ಟಿತು.

ಒಬ್ಬರು ಫ್ಯಾಕ್ಟರಿ ರೀಸೆಟ್ ಮಾಡು ಎನ್ನುತ್ತಾರೆ, ಇನ್ನೊಬ್ಬರು ಬ್ಯಾಟರಿ ಬದಲಿಸು ಎನ್ನುತ್ತಾರೆ. ಯಾವುದು ಸರಿ?

ತಾಮ್ರತಂತಿ

ಸದ್ಯಕ್ಕೆ ಎರಡೂ ಬೇಡ. ನಿಮ್ಮ ಫೋನಿಗೆ ಇರುವುದು ಒಂದು ಕಾಯಿಲೆಯಲ್ಲ, ಎರಡು. ಚಾರ್ಜ್ ಸೋರುವುದು ಬೇರೆ, ಬ್ಯಾಟರಿ ಸವೆಯುವುದು ಬೇರೆ. ಸೋರಿಕೆಯನ್ನು ಹಾಗೇ ಬಿಟ್ಟು ಹೊಸ ಬ್ಯಾಟರಿ ಹಾಕಿಸಿದರೆ ಅದೂ ಸೋರುತ್ತದೆ. ಸವೆತಕ್ಕೆಂದು ರೀಸೆಟ್ ಮಾಡಿದರೆ ಫೋಟೊಗಳು ಹೋಗುತ್ತವೆ, ಸವೆತ ಉಳಿಯುತ್ತದೆ.

ನೀವೇ ಕೊಟ್ಟ ಅಂಕಿಗಳನ್ನು ಲೆಕ್ಕ ಹಾಕೋಣ. 5000ದಲ್ಲಿ ಶೇ 84 ಎಂದರೆ 4200 ಎಂಎಎಚ್. ಮೊದಲು 24 ಗಂಟೆ ಬರುತ್ತಿದ್ದ ಫೋನು ಬರೀ ಸವೆತದಿಂದಾದರೆ ಸುಮಾರು 20 ಗಂಟೆಗೆ ಇಳಿಯಬೇಕಿತ್ತು. ನಿಮಗೆ ಸಿಗುತ್ತಿರುವುದು ಹೆಚ್ಚೂಕಡಿಮೆ ಅದರ ಅರ್ಧ. ಉಳಿದದ್ದನ್ನು ಬೇರೇನೋ ತಿನ್ನುತ್ತಿದೆ. ರಾತ್ರಿಯ ಲೆಕ್ಕವನ್ನೂ ನೋಡಿ: 4200ರಲ್ಲಿ ಶೇ 20 ಎಂದರೆ 840 ಎಂಎಎಚ್. ಎಂಟು ಗಂಟೆಯ ನಿದ್ದೆ ಎಂದಿಟ್ಟುಕೊಂಡರೂ ಗಂಟೆಗೆ ಸರಾಸರಿ 105, ಅಂದರೆ ಶೇ 2.5. ಪರದೆ ಆರಿ ಸುಮ್ಮನೆ ಬಿದ್ದಿರುವ ಫೋನು ಗಂಟೆಗೆ ಶೇ 1 ಅಥವಾ ಅದಕ್ಕೂ ಕಡಿಮೆ ಕಳೆದುಕೊಳ್ಳಬೇಕು. ನಿಮ್ಮದು ಎರಡೂವರೆ ಪಟ್ಟು ಕಳೆದುಕೊಳ್ಳುತ್ತಿದೆ.

ಮೊದಲ ಕೆಲಸ, ಆ ಬ್ಯಾಟರಿ ಉಳಿಸುವ ಆ್ಯಪ್ ತೆಗೆದುಹಾಕಿ. ಹಿನ್ನೆಲೆಯಲ್ಲಿ ಸದಾ ಎಚ್ಚರವಿರಲು ನಿಮ್ಮಿಂದಲೇ ಅನುಮತಿ ಪಡೆದು, ಇತರ ಆ್ಯಪ್‌ಗಳನ್ನು ಮಲಗಿಸುತ್ತೇನೆ ಎನ್ನುವ ಇಂಥವುಗಳನ್ನು ನಂಬುವುದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಆಮೇಲೆ ಒಂದು ರಾತ್ರಿ ಏರ್‌ಪ್ಲೇನ್ ಮೋಡ್‌ನಲ್ಲಿ ಇಟ್ಟು ಮಲಗಿ. ಅಲಾರಂ ಹೇಗೂ ಹೊಡೆಯುತ್ತದೆ. ಮಲಗುವಾಗ ಎಷ್ಟು, ಎದ್ದಾಗ ಎಷ್ಟು ಎಂದು ಬರೆದಿಡಿ. ಇಳಿತ ನಿಂತರೆ ಕಳ್ಳ ರೇಡಿಯೊ ಕಡೆಯವನು, ಅಂದರೆ ಮೊಬೈಲ್ ನೆಟ್‌ವರ್ಕ್, ವೈಫೈ, ಅಥವಾ ಅವುಗಳ ಮೂಲಕ ಸಿಂಕ್ ಮಾಡುತ್ತಿರುವ ಯಾವುದೋ ಖಾತೆ. ಏರ್‌ಪ್ಲೇನ್ ಮೋಡ್‌ನಲ್ಲೂ ಇಳಿದರೆ ಯಾವುದೋ ಆ್ಯಪ್ ಫೋನನ್ನು ಮಲಗಲು ಬಿಡುತ್ತಿಲ್ಲ ಎಂದರ್ಥ. ಮುಂದಿನ ರಾತ್ರಿ ಏರ್‌ಪ್ಲೇನ್ ಮೋಡ್ ತೆಗೆದು ಎರಡನೇ ಸಿಮ್ ಮಾತ್ರ ಆಫ್ ಮಾಡಿ ನೋಡಿ. ರಾತ್ರಿಗೆ ಒಂದೇ ಬದಲಾವಣೆ. ಒಟ್ಟಿಗೆ ಐದು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಸಿಸ್ಟಂ ಅಪ್‌ಡೇಟ್ ಈಚೆಗೆ ಬಂದಿದ್ದರೆ ಎರಡು ಮೂರು ದಿನ ಬಿಟ್ಟು ಶುರು ಮಾಡಿ. ಅಪ್‌ಡೇಟ್ ಆದ ಮೇಲೆ ಫೋನು ಆ್ಯಪ್‌ಗಳನ್ನು ಮತ್ತೆ ಹೊಂದಿಸುತ್ತದೆ, ಫೋಟೊಗಳನ್ನು ಹೊಸದಾಗಿ ಪಟ್ಟಿ ಮಾಡುತ್ತದೆ. ಆಗ ಬರುವ ಅಂಕಿಗಳು ನಂಬಲು ಯೋಗ್ಯವಲ್ಲ.

ಗುಬ್ಬಚ್ಚಿ

ಇಷ್ಟೆಲ್ಲ ತಲೆಬಿಸಿ ಯಾಕೆ? ಪೂರ್ತಿ ಸೊನ್ನೆಗೆ ಇಳಿಸಿ ನೂರಕ್ಕೆ ಚಾರ್ಜ್ ಮಾಡಿ. ಹೀಗೆ ಮೂರು ಸಲ ಮಾಡಿದರೆ ಬ್ಯಾಟರಿ ಹೊಸದರಂತಾಗುತ್ತದೆ. ಜೊತೆಗೆ ಆಗಾಗ ಎಲ್ಲ ಆ್ಯಪ್‌ಗಳನ್ನೂ ಮೇಲಕ್ಕೆ ಸರಿಸಿ ಮುಚ್ಚುತ್ತಿರಿ. ನಾನು ಮೊದಲಿನಿಂದಲೂ ಹೀಗೆಯೇ ಮಾಡುವುದು.

ತಾಮ್ರತಂತಿ

ಗುಬ್ಬಚ್ಚಿ ಅವರೇ, ಸೊನ್ನೆಗೆ ಇಳಿಸುವ ಸಲಹೆ ನಿಕಲ್-ಕ್ಯಾಡ್ಮಿಯಂ ಕಾಲದ್ದು. ಆ ಬ್ಯಾಟರಿಗಳಿಗೆ 'ನೆನಪಿನ' ದೋಷವಿತ್ತು. ಫೋನಿನಲ್ಲಿರುವುದು ಲಿಥಿಯಂ-ಅಯಾನ್. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು, 2019ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದೂ ಅದಕ್ಕೇ. ಅದರಲ್ಲಿ ಕಳೆದ ಶಕ್ತಿ ಕಳೆದದ್ದೇ. ಧನ ಮತ್ತು ಋಣ ತುದಿಗಳ ನಡುವೆ ಓಡಾಡಬೇಕಾದ ಲಿಥಿಯಂ ಸ್ವಲ್ಪ ಸ್ವಲ್ಪವಾಗಿ ಋಣ ತುದಿಯ ಮೇಲಿನ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಯಾವ ಚಾರ್ಜಿಂಗ್ ಕಸರತ್ತೂ ಅದನ್ನು ಬಿಡಿಸಿ ತರುವುದಿಲ್ಲ. ಸೊನ್ನೆಯವರೆಗೆ ಇಳಿಸುವುದರಿಂದ ಆಗುವುದು ಒಂದೇ: ಶೇಕಡಾವಾರು ಅಂದಾಜು ಮಾಡುವ ಗೇಜ್ ಚಿಪ್ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ಅಳತೆ ಸರಿಹೋಗುತ್ತದೆ, ಬ್ಯಾಟರಿಯಲ್ಲ.

ಆ್ಯಪ್‌ಗಳನ್ನು ಸರಿಸಿ ಮುಚ್ಚುವುದೂ ಅಷ್ಟೇ. 2015ರ ಆಂಡ್ರಾಯ್ಡ್ 6ರಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಪರದೆ ಆರಿ ಫೋನು ಅಲುಗದೆ ಇದ್ದರೆ ಆ್ಯಪ್‌ಗಳನ್ನು ಅದೇ ಮಲಗಿಸುತ್ತದೆ. ದಿನವೂ ಬಳಸುವ ಆ್ಯಪನ್ನು ಪದೇ ಪದೇ ಮುಚ್ಚಿದರೆ ಪ್ರತಿ ಸಲವೂ ಮೊದಲಿನಿಂದ ತೆರೆಯಬೇಕು, ಅದಕ್ಕೇ ಹೆಚ್ಚು ಖರ್ಚು. ಹಟ ಹಿಡಿದು ಎಚ್ಚರವಿರುವ ಒಂದು ಆ್ಯಪ್ ಸಿಕ್ಕಿದರೆ ಅದೊಂದಕ್ಕೆ ಹಿನ್ನೆಲೆ ಬಳಕೆ ನಿರ್ಬಂಧಿಸಿ, ಸಾಕು.

ಮಿಣುಕುಹುಳ

ಪರೀಕ್ಷೆ ಮಾಡಿದೆ. ಅಪ್‌ಡೇಟ್ ಯಾವುದೂ ಬಂದಿರಲಿಲ್ಲ.

ಏರ್‌ಪ್ಲೇನ್ ಮೋಡ್: 88 ಇದ್ದದ್ದು 86.
ಎರಡನೇ ಸಿಮ್ ಆಫ್, ಉಳಿದದ್ದೆಲ್ಲ ಮಾಮೂಲಿನಂತೆ: 91 ಇದ್ದದ್ದು 86.
ಎರಡೂ ಸಿಮ್ ಆನ್: 90 ಇದ್ದದ್ದು 71.

ಎರಡನೆಯದು ಬ್ಯಾಂಕಿನ ಸಂದೇಶಗಳಿಗೆಂದೇ ಇಟ್ಟುಕೊಂಡ ಸಂಖ್ಯೆ. ಅದರಲ್ಲಿ ಮಾತನಾಡುವುದೇ ಇಲ್ಲ. ಬಳಸದ ಸಿಮ್ ಇಷ್ಟು ತಿನ್ನುತ್ತದೆಯೇ?

ತಾಮ್ರತಂತಿ

ಬಳಸುವುದಿಲ್ಲ ಎಂದು ನಿಮಗೆ ಗೊತ್ತು, ಗೋಪುರದೊಂದಿಗೆ ಮಾತಾಡುವ ಫೋನಿನ ಭಾಗವಾದ ಮೋಡೆಮ್‌ಗೆ ಗೊತ್ತಿಲ್ಲ. ಯಾವ ಕ್ಷಣದಲ್ಲಿ ಕರೆ ಬಂದರೂ ಹಿಡಿಯಲು ಅದು ಸಿದ್ಧವಾಗಿರಬೇಕು.

ಸೆಟ್ಟಿಂಗ್‌ಗಳಲ್ಲಿ 'ಫೋನ್ ಕುರಿತು' ಎಂಬಲ್ಲಿ ಸಿಮ್ ಸ್ಥಿತಿ ತೆರೆದು, ಎರಡೂ ಸಿಮ್‌ಗಳ ಸಿಗ್ನಲ್ ಬಲ ನೋಡಿ ಹೇಳಿ. ನೀವು ಮಲಗುವ ಕೋಣೆಯಲ್ಲೇ ನಿಂತು ನೋಡಿ. ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಚಿಹ್ನೆಯೊಂದಿಗೆ ಇರುತ್ತದೆ.

ಮಿಣುಕುಹುಳ

ಮೊದಲನೆಯದು −85. ಎರಡನೆಯದು −118, ನೋಡನೋಡುತ್ತಿದ್ದಂತೆ 'ಸೇವೆ ಇಲ್ಲ' ಎಂದಾಗಿ, ಮತ್ತೆ −117ಕ್ಕೆ ಬಂತು.

ತಾಮ್ರತಂತಿ

ಸಿಕ್ಕಿತು. ಈ ಅಳತೆಯಲ್ಲಿ 10ರ ಅಂತರ ಎಂದರೆ ಹತ್ತು ಪಟ್ಟು. −85 ಮತ್ತು −118ರ ನಡುವಿನ 33 ಎಂದರೆ ಸುಮಾರು 2000 ಪಟ್ಟು ಕ್ಷೀಣ ಸಿಗ್ನಲ್. ಅಷ್ಟು ಕ್ಷೀಣವಾದ ಗೋಪುರಕ್ಕೆ ಉತ್ತರ ಮುಟ್ಟಿಸಲು ಫೋನು ಗಂಟಲು ಹರಿಯುವಂತೆ ಕೂಗಬೇಕು, ಅಂದರೆ ಪ್ರಸಾರದ ಶಕ್ತಿ ಏರಿಸಬೇಕು. ಸಂಪರ್ಕ ತಪ್ಪಿದಾಗ ಎಲ್ಲ ತರಂಗಪಟ್ಟಿಗಳನ್ನೂ ಜಾಲಾಡಿ ಗೋಪುರ ಹುಡುಕಬೇಕು. 5ಜಿ ಮತ್ತು 4ಜಿ ನಡುವೆ ಜಿಗಿದಾಡುತ್ತಿದ್ದರೆ ಇನ್ನೂ ಖರ್ಚು. ಪರದೆಯ ಮೇಲೆ ಇದೊಂದೂ ಕಾಣುವುದಿಲ್ಲ. ಪಟ್ಟಿಯಲ್ಲಿ 'ಮೊಬೈಲ್ ನೆಟ್‌ವರ್ಕ್' ಮೇಲೆ ಕುಳಿತದ್ದು ಇದಕ್ಕೇ.

ಮಾಡಬಹುದಾದದ್ದು: ರಾತ್ರಿ ಆ ಸಿಮ್ ಆಫ್ ಮಾಡುವುದು ಅತ್ಯಂತ ಸುಲಭ. ಹಗಲಿಗೂ ಪರಿಹಾರ ಬೇಕಾದರೆ ಆ ಸಿಮ್‌ಗೆ ನೆಟ್‌ವರ್ಕ್ ಆದ್ಯತೆಯಲ್ಲಿ 5ಜಿ ತೆಗೆದು 4ಜಿ ಇಡಿ. 'ಕೇವಲ 4ಜಿ' ಆಯ್ಕೆ ಮಾತ್ರ ಬೇಡ. 4ಜಿಯಲ್ಲೇ ಕರೆ ಹೋಗುವ ಸೌಲಭ್ಯ ಆ ಸಂಪರ್ಕಕ್ಕೆ ಇಲ್ಲದಿದ್ದರೆ ಕರೆಗಳೇ ಬರುವುದಿಲ್ಲ. ಅದೇ ಕೋಣೆಯಲ್ಲಿ ವೈಫೈ ಇದ್ದರೆ, ಆ ಸಿಮ್‌ಗೆ ವೈಫೈ ಕರೆ ಆನ್ ಮಾಡಿ ನೋಡಿ. ಸಂಪರ್ಕ ವೈಫೈ ಮೂಲಕ ಹೋದರೆ ಮೋಡೆಮ್‌ನ ಪಾಡು ಎಷ್ಟೋ ಹಗುರ.

ಫ್ಲ್ಯಾಷ್ ಹಾಕಿದಾಗ ಆಫ್ ಆಗುವುದು ಇದಕ್ಕೆ ಸಂಬಂಧಿಸಿದ್ದಲ್ಲ. ಅದನ್ನು ಬೆಸುಗೆ ಅವರು ಚೆನ್ನಾಗಿ ಬಿಡಿಸಿ ಹೇಳಬಲ್ಲರು.

ಬೆಸುಗೆ

ಶೇ 84 ಎಂಬ ಅಂಕಿಯನ್ನು ಎಲ್ಲರೂ ಬ್ಯಾಟರಿಯ ಪೂರ್ತಿ ಜಾತಕ ಎಂದುಕೊಳ್ಳುತ್ತಾರೆ. ಅದು ಎಷ್ಟು ತುಂಬುತ್ತದೆ ಎಂಬುದನ್ನು ಹೇಳುತ್ತದೆ, ಎಷ್ಟು ರಭಸದಿಂದ ಕೊಡಬಲ್ಲದು ಎಂಬುದನ್ನು ಹೇಳುವುದಿಲ್ಲ. ವಯಸ್ಸಾದಂತೆ ಬ್ಯಾಟರಿಯ ಒಳರೋಧ, ಅಂದರೆ ಕರೆಂಟ್ ಹರಿಯಲು ಒಳಗೇ ಎದುರಾಗುವ ತಡೆ, ಏರುತ್ತದೆ. ಉದಾಹರಣೆಗೆ ಒಳರೋಧ 0.2 ಓಮ್‌ಗೆ ಏರಿದೆ ಎಂದುಕೊಳ್ಳಿ. ಕ್ಯಾಮೆರಾ, ಫ್ಲ್ಯಾಷ್, ಪ್ರೊಸೆಸರ್ ಎಲ್ಲ ಸೇರಿ ಒಂದು ಕ್ಷಣ 2.5 ಆಂಪಿಯರ್ ಎಳೆದರೆ, ಗುಣಿಸಿ ನೋಡಿ, 0.5 ವೋಲ್ಟ್ ಅಲ್ಲೇ ಬಿದ್ದುಹೋಯಿತು. ಚಾರ್ಜ್ ಕಡಿಮೆಯಿರುವಾಗ 3.6 ವೋಲ್ಟ್ ಇದ್ದದ್ದು 3.1ಕ್ಕೆ ಕುಸಿಯುತ್ತದೆ, ಫೋನು ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಭಾರ ಇಳಿದೊಡನೆ ವೋಲ್ಟೇಜ್ ಮೇಲೇಳುತ್ತದೆ. ನಿಮಗೆ ಶೇ 19 ಕಂಡದ್ದು ಹಾಗೆ. ಆ ಚಾರ್ಜ್ ಅಲ್ಲಿ ನಿಜವಾಗಿಯೂ ಇತ್ತು, ಹೊರಗೆ ಬರಲು ದಾರಿ ಕಿರಿದಾಗಿತ್ತು. ಚಳಿಯಲ್ಲಿ ರೋಧ ಇನ್ನೂ ಏರುವುದರಿಂದ ಇದು ಆಗ ಹೆಚ್ಚು.

ಆಪಲ್ ಕಂಪನಿಯ ಐಫೋನ್ 6 ಮತ್ತು 6ಎಸ್‌ಗಳಲ್ಲಿ ಇದೇ ಆಗಿತ್ತು. 2017ರ ಜನವರಿಯ ಐಒಎಸ್ 10.2.1 ಎಂಬ ಸಿಸ್ಟಂ ಅಪ್‌ಡೇಟ್‌ನಲ್ಲಿ ಕಂಪನಿ ಹಳೆಯ ಬ್ಯಾಟರಿಯಿರುವ ಫೋನ್‌ಗಳ ವೇಗ ತಗ್ಗಿಸಿ ಇದನ್ನು ತಡೆಯಿತು, ಆದರೆ ಬಳಕೆದಾರರಿಗೆ ಬಿಡಿಸಿ ಹೇಳಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಗಲಾಟೆಯಾದ ಮೇಲೆ. ಬ್ಯಾಟರಿ ಆರೋಗ್ಯದ ಪುಟ ಬಂದದ್ದು 2018ರ ಐಒಎಸ್ 11.3ರಲ್ಲಿ.

ಹಾಗಾಗಿ ನಿಮ್ಮ ಬ್ಯಾಟರಿ ಬದಲಿಸುವುದು ಒಳ್ಳೆಯದು. ರೀಸೆಟ್ ಬೇಡವೇ ಬೇಡ. ಅದಕ್ಕೂ ಮೊದಲು ಒಂದನ್ನು ಪರೀಕ್ಷಿಸಿ. ಕವಚ ತೆಗೆದು, ಫೋನನ್ನು ಪರದೆ ಕೆಳಗಾಗಿ ಸಮತಟ್ಟಾದ ಗಾಜಿನ ಮೇಲೆ ಇಡಿ (ಬೆನ್ನ ಮೇಲೆ ಇಟ್ಟರೆ ಕ್ಯಾಮೆರಾ ಉಬ್ಬಿನಿಂದಲೇ ಅಲುಗುತ್ತದೆ). ಮೂಲೆ ಒತ್ತಿದಾಗ ತೊನೆದರೆ, ಅಥವಾ ಅಂಚಿನಲ್ಲಿ ಪರದೆ ಚೌಕಟ್ಟಿನಿಂದ ಕೂದಲೆಳೆಯಷ್ಟು ಎದ್ದಿದ್ದರೆ ಬ್ಯಾಟರಿ ಉಬ್ಬಿದೆ. ಆಗ ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೆ ಹಾಕಬೇಡಿ. ಒಳಗಿನ ಪದರಗಳು ಒಂದಕ್ಕೊಂದು ತಗುಲಿದರೆ ಹೊತ್ತಿಕೊಳ್ಳುತ್ತದೆ. ಉಬ್ಬಿದ ಬ್ಯಾಟರಿಯನ್ನು ಸ್ವತಃ ಬಿಚ್ಚುವ ಸಾಹಸವೂ ಬೇಡ.

ಮಿಣುಕುಹುಳ

ಅಲುಗುವುದಿಲ್ಲ, ಅಂಚೂ ಸರಿಯಾಗಿದೆ. ಅಧಿಕೃತ ಸೇವಾ ಕೇಂದ್ರಕ್ಕೆ ಕೊಡುತ್ತೇನೆ. ಹೊಸ ಬ್ಯಾಟರಿಯನ್ನಾದರೂ ಬೇಗ ಕೆಡಿಸದೆ ಇಡುವುದು ಹೇಗೆ? ರಾತ್ರಿಯಿಡೀ ಚಾರ್ಜ್‌ಗೆ ಹಾಕಬಾರದು ಎನ್ನುತ್ತಾರೆ.

ಬೆಸುಗೆ

ರಾತ್ರಿ ಹಾಕಿದರೆ ಚಾರ್ಜ್ ತುಂಬಿ ಉಕ್ಕುವುದಿಲ್ಲ, ತುಂಬಿದ ಮೇಲೆ ಫೋನೇ ನಿಲ್ಲಿಸುತ್ತದೆ. ತೊಂದರೆ ಇರುವುದು ಗಂಟೆಗಟ್ಟಲೆ ಶೇ 100ರಲ್ಲಿ, ಅದೂ ಬಿಸಿಯಾಗಿ ಕೂರುವುದರಲ್ಲಿ. ಪೂರ್ತಿ ತುಂಬಿದ ಕೋಶ ಇಂದಿನ ಫೋನ್‌ಗಳಲ್ಲಿ ಸುಮಾರು 4.4 ವೋಲ್ಟ್‌ನಲ್ಲಿರುತ್ತದೆ, ಆ ಒತ್ತಡವೂ ಶಾಖವೂ ಸೇರಿದಾಗ ಸವೆತ ಜೋರು. ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಬಿಡಿ, ಪ್ರಯಾಣದ ದಿನ ತೆಗೆಯಿರಿ. ಚಾರ್ಜ್ ಆಗುವಾಗ ದಿಂಬಿನ ಕೆಳಗೆ ಇಡುವುದು, ದಪ್ಪ ಕವಚದೊಳಗೆ ಆಟ ಆಡುವುದು, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡುವುದು, ಇವು ವೇಗದ ಚಾರ್ಜರ್‌ಗಿಂತ ಹೆಚ್ಚು ಹಾನಿ ಮಾಡುತ್ತವೆ.

ಚಾರ್ಜ್ ಆವರ್ತನದ (ಸೈಕಲ್) ಲೆಕ್ಕಕ್ಕೆ ಹೆದರಬೇಡಿ. ಎರಡು ಸಲ ಅರ್ಧರ್ಧ ತುಂಬಿದರೆ ಒಂದು ಆವರ್ತನ, ಪ್ಲಗ್ ಎಷ್ಟು ಸಲ ಹಾಕಿದಿರಿ ಎಂಬುದಕ್ಕೆ ಬೆಲೆಯಿಲ್ಲ. ಐಫೋನ್ 14ರವರೆಗಿನವು 500 ಆವರ್ತನಗಳ ನಂತರ ಶೇ 80 ಉಳಿಸಿಕೊಳ್ಳುವಂತೆ, 15ರಿಂದ ಮುಂದಿನವು 1000ದ ನಂತರ ಉಳಿಸಿಕೊಳ್ಳುವಂತೆ ರೂಪಿಸಿದವು ಎಂದು ಆಪಲ್ ಹೇಳುತ್ತದೆ. ಐರೋಪ್ಯ ಒಕ್ಕೂಟದ ನಿಯಮ 2025ರ ಜೂನ್‌ನಿಂದ ಅಲ್ಲಿ ಮಾರುವ ಫೋನ್‌ಗಳಿಗೆ 800 ಆವರ್ತನಕ್ಕೆ ಶೇ 80 ಎಂಬ ಕನಿಷ್ಠ ಮಿತಿ ಇಟ್ಟಿದೆ.

ಮಿಣುಕುಹುಳ

ಬ್ಯಾಟರಿ ಬದಲಿಸಿದರು. ಶೇ 15ರಲ್ಲೂ ಫ್ಲ್ಯಾಷ್ ಹೊಡೆಯಿತು, ಆಫ್ ಆಗಲಿಲ್ಲ. ಎರಡನೇ ಸಿಮ್‌ಗೆ ವೈಫೈ ಕರೆ ಆನ್ ಮಾಡಿದ ಮೇಲೆ ಎರಡೂ ಸಿಮ್ ಇದ್ದೂ ರಾತ್ರಿ ಇಳಿಯುವುದು ಶೇ 6 ಅಷ್ಟೇ. ಒಂದು ಅನುಮಾನ ಮಾತ್ರ ಉಳಿದಿದೆ: ಶೇ 40ರಿಂದ ಒಮ್ಮೆಲೇ 33ಕ್ಕೆ ಜಿಗಿಯುತ್ತದೆ. ಹಳೆಯ ಬ್ಯಾಟರಿಯನ್ನೇ ಒರೆಸಿ ಹಾಕಿದರೇ?

ಬೆಸುಗೆ

ಹಳೆಯದಾಗಿದ್ದರೆ ಶೇ 15ರಲ್ಲಿ ಫ್ಲ್ಯಾಷ್ ಹೊಡೆಯುತ್ತಿರಲಿಲ್ಲ. ಗೇಜ್ ಇನ್ನೂ ಹಳೆಯ ಬ್ಯಾಟರಿಯ ಅಂದಾಜಿನಲ್ಲೇ ಇದೆ. ಗುಬ್ಬಚ್ಚಿ ಅವರ ಮದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಶೇ 80ರ ಮಿತಿ ತೆಗೆದು, ಒಮ್ಮೆ ತಾನಾಗಿ ಆಫ್ ಆಗುವವರೆಗೆ ಬಳಸಿ, ಅಡೆತಡೆಯಿಲ್ಲದೆ ನೂರಕ್ಕೆ ತುಂಬಿ. ಮೂರು ಸಲವಲ್ಲ, ಒಂದೇ ಸಲ. ಆಮೇಲೂ ಜಿಗಿದರೆ ರಸೀದಿ ಹಿಡಿದು ಅದೇ ಕೇಂದ್ರಕ್ಕೆ ಹೋಗಿ.

ಗುಬ್ಬಚ್ಚಿ

ಕೊನೆಗೂ!